ಚಿತ್ರ ಏಳನ್ನು ನೋಡಿರಿ

ನಾನು ಅವನನ್ನು ಮೊದಲು ಕಂಡ ದಿನ ಅವನು ಬಸ್ ನಿಲ್ದಾಣದಲ್ಲಿ ತನ್ನ ಸೂಟ್‌ಕೇಸಿನ ಪಕ್ಕ ನಿಂತಿದ್ದ. ದಾರಿ ತಪ್ಪಿದವರು ನಿಲ್ಲುವ ಹಾಗೆ ಅಲ್ಲ. ಯಾರೋ ಬಂದು ಅದನ್ನು ಎತ್ತಿಕೊಳ್ಳುತ್ತಾರೆ, ಆಮೇಲೆ ಹೊರಟರಾಯಿತು ಎನ್ನುವ ಹಾಗೆ ನಿಂತಿದ್ದ. ಬೆವರು ಕಿತ್ತುಕೊಂಡು ಬರುವ ಸೆಕೆ. ಆದರೂ ಮೈಮೇಲೆ ಕೋಟು, ಕೊರಳಿಗೆ ಟೈ. ನನ್ನ ಮೈದುನ ಓಡಿಹೋಗಿ ಅವನನ್ನು ತಬ್ಬಿಕೊಂಡು, ನನ್ನ ಕಡೆ ತಿರುಗಿಸಿ ನಿಲ್ಲಿಸಿದ.

"ಅತ್ತಿಗೆ, ಇವನೇ ನಮ್ಮಕ್ಕನ ಮಗ. ಇಡೀ ಜಿಲ್ಲೆಗೇ ಫಸ್ಟ್ ಕ್ಲಾಸು!"

"ನಮಸ್ಕಾರ ಅತ್ತೆ" ಎಂದ ಹುಡುಗ. ನನ್ನ ಮುಖ ನೋಡಿ ಅಲ್ಲ, ನನ್ನ ತಲೆಯ ಮೇಲಿದ್ದ ಗಡಿಯಾರ ನೋಡಿ.

ಎತ್ತುವ ಸಾಮಾನು ಎದುರಿಗೆ ಬಂದಾಗಲೆಲ್ಲ ನನ್ನ ಮೈದುನನಿಗೆ ಬೆನ್ನುನೋವು ಬರುತ್ತದೆ. ಅಂದೂ ಬಂತು. ಹುಡುಗ ಕೋಟಿನ ತೋಳು ಸರಿಮಾಡಿಕೊಳ್ಳುತ್ತಿದ್ದ. ಸೂಟ್‌ಕೇಸು ಎತ್ತಿದವಳು ನಾನು. ತೋಳು ಕಿತ್ತು ಬರುವಷ್ಟು ಭಾರ.

"ಏನಪ್ಪಾ ಇದರೊಳಗೆ, ಕಲ್ಲು ತುಂಬಿದೀಯಾ?"

"ಪ್ರೈಜುಗಳು ಅತ್ತೆ. ಕಪ್ಪು, ಶೀಲ್ಡು. ಅಲ್ಲೇ ಬಿಟ್ಟು ಬಂದ್ರೆ ಇಲ್ಲಿನವರಿಗೆ ಗೊತ್ತಾಗೋದು ಹೇಗೆ?"

ಬೆಚ್ಚನೆಯ ಬಟ್ಟೆ ತಂದಿರಲಿಲ್ಲ. ಚಳಿಗಾಲ ಬಂದಾಗ, ಸತ್ತುಹೋದ ನನ್ನ ಗಂಡನ ಸ್ವೆಟರನ್ನೇ ಅವನಿಗೆ ಕೊಟ್ಟೆ. ಅದನ್ನು ಕೋಟಿನ ಒಳಗೆ, ಯಾರಿಗೂ ಕಾಣದಂತೆ ಹಾಕಿಕೊಂಡ.

ನನ್ನ ಗಂಡ, ಮೈದುನ ಇಬ್ಬರೂ ಒಟ್ಟಿಗೇ ಈ ದೇಶಕ್ಕೆ ಬಂದವರು. ಗಂಡ ಲಾಂಡ್ರಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ನಾನು ಅಲ್ಲೇ ಇಸ್ತ್ರಿಗೆ ಸೇರಿದೆ, ಅವರು ಹೋದ ಮೇಲೂ ಉಳಿದೆ. ಹೋಟೆಲುಗಳ ಹಾಸು, ದಿಂಬಿನ ಚೀಲ, ಮೇಜಿನ ಬಟ್ಟೆ. ಲಾಂಡ್ರಿಯ ಮೇಲೆಯೇ ನನ್ನ ಎರಡು ಕೋಣೆ. ಕೆಳಗಿನ ಆವಿಯಿಂದ ನೆಲ ಯಾವಾಗಲೂ ಬೆಚ್ಚಗಿರುತ್ತದೆ. ಬ್ರೆಡ್ಡಿನ ವ್ಯಾನು ಓಡಿಸುವ ಮೈದುನ, ಅವನ ಹೆಂಡತಿ ನನ್ನ ಮೇಲಿನ ಅಂತಸ್ತಿನಲ್ಲಿದ್ದಾರೆ. ಅವರ ಮನೆ ನನ್ನದಕ್ಕಿಂತ ದೊಡ್ಡದು. ಆದರೂ ಹುಡುಗನನ್ನು ನನ್ನ ಮನೆಗೆ ಇಳಿಸಿದರು.

"ಓದೋ ಹುಡುಗನಿಗೆ ನಿಶ್ಶಬ್ದ ಬೇಕಲ್ಲ ಅಕ್ಕ, ನೀವಾದ್ರೆ ಒಬ್ರೇ" ಎಂದಳು ನನ್ನ ವಾರಗಿತ್ತಿ. ಹುಡುಗನ ಹೆಸರು ಅವರಿಗೆ, ಹುಡುಗನ ಊಟ ನನಗೆ ಎಂದು ಅದರ ಅರ್ಥ. ಅವಳು ಮೊದಲಿಂದಲೂ ಹಾಗೆಯೇ, ಮಾತಿನಲ್ಲಿ ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ. ಕಿಟಕಿಯಿರುವ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟು ನಾನು ಅಡುಗೆಮನೆಯಲ್ಲಿ ಹಾಸಿಕೊಂಡೆ. ಕಿಟಕಿಯ ಕಟ್ಟೆಯ ಮೇಲೆ ಕಪ್ಪುಗಳು ಸಾಲಾಗಿ ನಿಂತವು. ಬೆಳಕು ಬರುವುದು ನಿಂತಿತು.

ಅವನು ಸೇರಿದ್ದು ನೀರಿನ ಓದಿಗೆ. ಊರಿಗೆ ಬರುವ ನೀರನ್ನು ಹೇಗೆ ಸೋಸಬೇಕು, ಹೇಗೆ ಕೊಳವೆಗೆ ಬಿಡಬೇಕು ಎನ್ನುವುದನ್ನು ಕಲಿಸುವ ಕಾಲೇಜು ಅದು. ಶಾಲೆ ಮುಗಿಸಿ ಬಂದ ಇಲ್ಲಿನ ಮಕ್ಕಳು ಮೊದಲು ಕೆಳಗಿನ ತರಗತಿಯಲ್ಲಿ ಒಂದು ವರ್ಷ ಕಳೆಯಬೇಕು. ಅಲ್ಲಿ ಪುಸ್ತಕ ಕಡಿಮೆ, ನೀರಿನ ಕಾರ್ಖಾನೆಗೆ ಹೋಗಿ ಕೆಸರಿನಲ್ಲಿ ನಿಂತು ನೋಡುವುದೇ ಹೆಚ್ಚು. ಇವನ ಅಂಕ ನೋಡಿ ಬೆರಗಾಗಿ, ಆ ತರಗತಿಯನ್ನು ದಾಟಿಸಿ ನೇರವಾಗಿ ಮೇಲಿನದಕ್ಕೆ ಹಾಕಿದರು. ಮೈದುನ ಈ ಸುದ್ದಿಯನ್ನು ಬ್ರೆಡ್ಡಿನ ಜೊತೆಗೆ ಅಂಗಡಿ ಅಂಗಡಿಗೂ ಹಂಚಿದ. "ಫಸ್ಟ್ ಕ್ಲಾಸು, ಫಸ್ಟ್ ಕ್ಲಾಸು" ಎಂದು ಎಷ್ಟು ಸಲ ಹೇಳಿದನೆಂದರೆ, ನಮ್ಮ ಭಾಷೆಯ ಗಂಧವಿಲ್ಲದ ಲಾಂಡ್ರಿಯ ಹೆಂಗಸರು ಕೂಡ ಅವನನ್ನು ಫಸ್ಟ್‌ಕ್ಲಾಸ್ ಎಂದೇ ಕರೆಯತೊಡಗಿದರು. ಅವನು ಅದನ್ನು ಹೊಗಳಿಕೆ ಎಂದುಕೊಂಡ. ನಾನೂ ಹಾಗೆಯೇ ಕರೆಯುತ್ತೇನೆ.

ಫಸ್ಟ್‌ಕ್ಲಾಸ್ ಓದುತ್ತಿದ್ದುದು ಹೀಗೆ. ಬೆಳಿಗ್ಗೆ ಎದ್ದು, ತಲೆ ಬಾಚಿ, ಪುಸ್ತಕ ತೆರೆದು ಒಂದು ಪುಟ ನೋಡುವುದು. ಮುಚ್ಚುವುದು. ಕೈ ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿ, ಗೋಡೆಯಿಂದ ಗೋಡೆಗೆ ನಡೆಯುತ್ತಾ ಆ ಪುಟವನ್ನು ಒಂದಕ್ಷರ ಬಿಡದೆ ಒಪ್ಪಿಸುವುದು. ಒಪ್ಪಿಸುವುದಕ್ಕೆ ಎದುರಿಗೆ ಒಬ್ಬರು ಬೇಕು. ಹಾಗಾಗಿ, ಕೆಳಗೆ ಮುಗಿಯದೆ ನಾನು ಮನೆಗೆ ತಂದ ದಿಂಬಿನ ಚೀಲಗಳನ್ನು ಇಸ್ತ್ರಿ ಮಾಡುತ್ತಿದ್ದಾಗ ಅಡುಗೆಮನೆಗೆ ಬಂದು ನನ್ನ ಮುಂದೆ ನಿಲ್ಲುತ್ತಿದ್ದ. ಇಲ್ಲಿಯ ಭಾಷೆಯನ್ನು ಇಲ್ಲಿಯವರಿಗಿಂತ ಸ್ಪಷ್ಟವಾಗಿ ಉಚ್ಚರಿಸುತ್ತಿದ್ದ, ಅದನ್ನು ಒಪ್ಪಿಕೊಳ್ಳಬೇಕು. ಗಂಟಲು ಚೆನ್ನಾಗಿತ್ತು. ನೀರು ಮರಳಿನ ಮೇಲೆ ಬೀಳುವುದು, ಮರಳಿನಿಂದ ಜಲ್ಲಿಗೆ ಇಳಿಯುವುದು, ಜಲ್ಲಿಯಿಂದ ಕೊಳವೆಗೆ. ನಡುವೆ ತಟ್ಟನೆ, "ಚಿತ್ರ ಏಳನ್ನು ನೋಡಿರಿ."

"ಎಲ್ಲಪ್ಪಾ ಚಿತ್ರ?"

"ಪುಸ್ತಕದಲ್ಲಿದೆ ಅತ್ತೆ."

"ಮತ್ತೆ ಅದನ್ನ ಯಾಕೆ ಹೇಳ್ತೀಯ?"

"ಪುಸ್ತಕದಲ್ಲಿದೆಯಲ್ಲ!"

"ಆಯ್ತು. ಅಂದ್ರೆ ಏನು ಅದು? ನಂಗೂ ಸ್ವಲ್ಪ ಬಿಡಿಸಿ ಹೇಳು."

ಅವನು ಮರುಕದಿಂದ ನನ್ನನ್ನು ನೋಡಿದ. "ಅತ್ತೆ, ಅರ್ಥ ಎಲ್ಲ ಆಮೇಲೆ ತಾನಾಗೇ ಬರುತ್ತೆ. ಮೊದಲು ಬಾಯಿಗೆ ಬರ್ಬೇಕು."

ಅರ್ಥ ಹಿಂದಿನ ಬಸ್ಸಿನಲ್ಲಿ ಬರುತ್ತಿತ್ತೆಂದು ಕಾಣುತ್ತದೆ. ಬಸ್ಸು ಎಲ್ಲೋ ಕೆಟ್ಟು ನಿಂತಿತ್ತು.

ಒಂದು ಬೆಳಿಗ್ಗೆ ಅವನು ನೀರಿನ ಒತ್ತಡದ ಪಾಠವನ್ನು ಒಪ್ಪಿಸುತ್ತಿರುವಾಗ ಎದುರು ಮನೆಯ ಮುದುಕ ಬಾಗಿಲು ತಟ್ಟಿದ. ನನ್ನ ಕೈಯಲ್ಲಿ ಕಾದ ಇಸ್ತ್ರಿ ಇತ್ತು, ಫಸ್ಟ್‌ಕ್ಲಾಸ್ ಹೋಗಿ ತೆರೆದ. ಮುದುಕ ಕೇಳಿದ್ದು ಇಷ್ಟೇ: ನಮ್ಮ ನಲ್ಲಿಯಲ್ಲಿ ನೀರು ನಿಂತಿದೆ, ನಿಮ್ಮಲ್ಲಿ ಬರುತ್ತಿದೆಯೇ? ಫಸ್ಟ್‌ಕ್ಲಾಸ್ ಹಲ್ಲು ಬಿಟ್ಟು, ತಲೆ ಬಾಗಿಸಿ, ಬಹಳ ಸಂತೋಷ ಎಂದು ಹೇಳಿ ಬಾಗಿಲು ಹಾಕಿಕೊಂಡು ಬಂದ.

"ಏನಂತೆ?" ಎಂದೆ, ಏನೂ ಕೇಳಿಸದವಳ ಹಾಗೆ.

"ಏನೋ ಮಾತಾಡ್ಸೋಕೆ ಬಂದಿದ್ದ. ಕೆಲಸ ಇಲ್ಲದವರು" ಎಂದು, ಬಿಟ್ಟ ಸಾಲಿನಿಂದ ಮತ್ತೆ ಶುರು ಮಾಡಿದ.

ಅವನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ತರುತ್ತಿದ್ದ. ಲಾಂಡ್ರಿಯ ಹೆಂಗಸರ ಜೊತೆ ನಾಲ್ಕು ಮಾತಾಡು, ನಾಲಿಗೆ ಹೊರಳುತ್ತದೆ ಎಂದರೆ, "ಅವರು ಓದಿಲ್ಲ ಅತ್ತೆ, ಅವರ ಭಾಷೆ ತಪ್ಪು ತಪ್ಪು" ಎಂದು ಮೂಗು ಮುರಿಯುತ್ತಿದ್ದ. ತಪ್ಪಾಡಿದರೆ ಯಾರಾದರೂ ನಕ್ಕಾರು ಎಂಬ ಹೆದರಿಕೆ ಅದರ ಕೆಳಗಿತ್ತು. ಹೆದರಿಕೆಗೆ ಕೋಟು ಹಾಕಿದರೆ ಜಂಬದ ಹಾಗೆಯೇ ಕಾಣುತ್ತದೆ.

ಭಾನುವಾರ ಬಂತೆಂದರೆ ಮೈದುನ ತನ್ನ ಮನೆಗೆ ನಾಲ್ಕು ಜನರನ್ನು ಕರೆದು ಹುಡುಗನನ್ನು ನಡುಮನೆಯಲ್ಲಿ ನಿಲ್ಲಿಸುತ್ತಿದ್ದ.

"ಹೇಳೋ ಅಳಿಯ, ಯಾವ್ದಾದ್ರೂ ಒಂದು ಪುಟ ಹೇಳು!"

ಅಳಿಯ ಹೇಳುತ್ತಿದ್ದ. ಕೇಳುವವರಿಗೆ ಒಂದು ಸಾಲೂ ತಿಳಿಯುತ್ತಿರಲಿಲ್ಲ, ಹೇಳುವವನಿಗೂ ತಿಳಿಯುತ್ತಿರಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ವಾರಗಿತ್ತಿ ತನ್ನ ತಮ್ಮನ ಮಗಳ ಫೋಟೊ ಹಿಡಿದು ಬಾಗಿಲ ಬಳಿ ನಿಂತಿರುತ್ತಿದ್ದಳು. ಮೇಲಿನ ತರಗತಿ ಮುಗಿಸಿದವರನ್ನು ನೀರಿನ ಕಾರ್ಖಾನೆಯವರೇ ಕರೆದು ಕೆಲಸ ಕೊಡುತ್ತಾರೆಂದು ಎಲ್ಲೋ ಕೇಳಿದ್ದ ಮೈದುನ ಎದೆಯುಬ್ಬಿಸಿ ಹೇಳುತ್ತಿದ್ದ: "ನೋಡ್ತಿರಿ, ಇಡೀ ಊರಿನ ನೀರು ನಮ್ಮ ಹುಡುಗನ ಕೈಲಿರುತ್ತೆ!"

ಊರಿನ ಪುಣ್ಯ ದೊಡ್ಡದು.

ಪರೀಕ್ಷೆ ಬಂತು. ಫಸ್ಟ್‌ಕ್ಲಾಸ್ ನಗುತ್ತಾ ಹೋದ, ನಗುತ್ತಾ ಬಂದ. ಕೆಲವು ದಿನಗಳಾದ ಮೇಲೆ ಕಾಲೇಜಿನಿಂದ ಮೈದುನನ ಮನೆಗೆ ಫೋನು ಬಂತು. ಹುಡುಗನ ಉತ್ತರಗಳೆಲ್ಲ ಪುಸ್ತಕದಲ್ಲಿದ್ದ ಹಾಗೆಯೇ ಇವೆ, ಒಂದಕ್ಷರ ಆಚೀಚೆ ಇಲ್ಲ, ಅವನು ಪುಸ್ತಕ ನೋಡಿ ಕಾಪಿ ಹೊಡೆದಿದ್ದಾನೆಂದು ಅನುಮಾನ, ವಿಚಾರಣೆಗೆ ಮನೆಯ ಹಿರಿಯರೊಬ್ಬರ ಜೊತೆ ಬರಬೇಕು.

ಮೈದುನ ಬುಸುಗುಟ್ಟುತ್ತಾ ಕೆಳಗಿಳಿದು ಬಂದ. "ಹೊಟ್ಟೆಕಿಚ್ಚು ಅತ್ತಿಗೆ, ಬರೀ ಹೊಟ್ಟೆಕಿಚ್ಚು! ನಮ್ಮೋರು ಮೇಲೆ ಬರೋದನ್ನ ಇವರಿಗೆ ನೋಡೋಕಾಗಲ್ಲ. ನಾನು ಹೋಗಿ ಮುಖದ ಮೇಲೆ ಹೊಡೆದ ಹಾಗೆ ಕೇಳ್ತೀನಿ!"

ವಿಚಾರಣೆಯ ದಿನ ಬೆಳಿಗ್ಗೆ ಅವನಿಗೆ ದೂರದ ಡೆಲಿವರಿ ಇರುವುದು ನೆನಪಾಯಿತು.

"ನೀವೇ ಹೋಗಿ ಅತ್ತಿಗೆ. ನಿಮಗೆ ಇಲ್ಲಿಯ ಮಾತು ಬರುತ್ತೆ. ಕೂದಲು ಬೆಳ್ಳಗಿದೆ, ನೋಡಿದ್ರೆ ಪಾಪ ಅನ್ಸುತ್ತೆ. ಹುಡುಗ ದಿನಾ ಬಾಯಿಪಾಠ ಮಾಡ್ತಾನೆ, ನಾನೇ ಕೇಳಿದೀನಿ ಅಂತ ಸಾಕ್ಷಿ ಹೇಳಿ. ಅಷ್ಟೇ."

ಅಂಗಡಿಗಳಲ್ಲಿ ಎದೆಯುಬ್ಬಿಸುವ ಗಂಡಸಿಗೆ ಕಚೇರಿಯ ಬಾಗಿಲೆಂದರೆ ಹೆದರಿಕೆ. ನನ್ನ ಗಂಡನೂ ಹಾಗೆಯೇ ಇದ್ದರು. ಆದರೆ ಅವರು ಎದೆಯುಬ್ಬಿಸುತ್ತಿರಲಿಲ್ಲ.

ಕೋಣೆಯಲ್ಲಿ ಮೂವರಿದ್ದರು. ನಡುವೆ ಕಾಲೇಜಿನ ಮುಖ್ಯಸ್ಥ, ಬೋಳು ತಲೆಯವನು, ಮಾತಿಗೊಮ್ಮೆ ಕನ್ನಡಕ ಒರೆಸುವವನು. ಒಂದು ಪಕ್ಕ ಬರೆದುಕೊಳ್ಳುವ ಗುಮಾಸ್ತ. ಇನ್ನೊಂದು ಪಕ್ಕ ವಯಸ್ಸಾದ ಮೇಷ್ಟ್ರಮ್ಮ; ಮೊಣಕಾಲಿನವರೆಗೆ ರಬ್ಬರ್ ಬೂಟು, ಬೂಟಿನ ಮೇಲೆ ಒಣಗಿದ ಕೆಸರು. ಅವಳು ಕೆಳಗಿನ ತರಗತಿಗೆ ಕಲಿಸುವವಳು. ಫಸ್ಟ್‌ಕ್ಲಾಸ್ ಆ ಬೂಟು ನೋಡಿ ತನ್ನ ಪಾಲೀಶು ಹಾಕಿದ ಷೂಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ, ಕೆಸರು ಹಾರಿ ಬಂದೀತೇನೋ ಎನ್ನುವ ಹಾಗೆ.

ಮುಖ್ಯಸ್ಥ ಮೊದಲು ನಿಯಮ ಹೇಳಿದ. ಕಾಪಿ ಹೊಡೆದದ್ದು ನಿಜವಾದರೆ ಈ ಪರೀಕ್ಷೆ ರದ್ದು. ರಜೆ ಮುಗಿದ ಮೇಲೆ ಅದೇ ತರಗತಿಯಲ್ಲಿದ್ದುಕೊಂಡು ಮತ್ತೊಮ್ಮೆ ಬರೆಯಬಹುದು. ಎರಡನೆಯ ಸಲ ಸಿಕ್ಕಿಬಿದ್ದರೆ ಹೊರಗೆ. ಆಮೇಲೆ ನನ್ನ ಕಡೆ ತಿರುಗಿದ.

"ನೀವೇನು ಹೇಳ್ತೀರಮ್ಮ?"

"ಇವನು ಕಾಪಿ ಹೊಡೆದಿಲ್ಲ" ಎಂದೆ. "ಹೊಡೆಯೋ ಅಗತ್ಯ ಇಲ್ಲ. ಪುಸ್ತಕ ಪೂರ್ತಿ ಇವನ ಬಾಯಲ್ಲಿದೆ. ನಾನು ಇಸ್ತ್ರಿ ಹಾಕ್ತಾ ದಿನಾ ಬೆಳಿಗ್ಗೆ ಕೇಳಿದೀನಿ. ಬೇಕಾದ್ರೆ ನೀವೂ ಕೇಳಿ."

ಮುಖ್ಯಸ್ಥ ನಂಬಲಿಲ್ಲ. ಪುಸ್ತಕ ತೆರೆದು ಎಲ್ಲೋ ನಡುವಿನ ಒಂದು ಸಾಲು ಓದಿ ನಿಲ್ಲಿಸಿದ. ಫಸ್ಟ್‌ಕ್ಲಾಸ್ ಎದ್ದು ನಿಂತು, ಕೈ ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿದ. ಅಲ್ಲಿಂದ ಹೊರಟಿತು ನೀರು. ಮರಳು, ಜಲ್ಲಿ, ಕೊಳವೆ, ತೊಟ್ಟಿ. ಎಲ್ಲೂ ತಡವರಿಕೆಯಿಲ್ಲ, ಉಗುಳು ನುಂಗಿದ್ದೂ ಕೇಳಲಿಲ್ಲ. ಗುಮಾಸ್ತ ಪೆನ್ನು ಕೆಳಗಿಟ್ಟು ಬಾಯಿ ತೆರೆದು ಕೂತ. ಮೇಷ್ಟ್ರಮ್ಮ ಕೂಡ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ನಿಜ ಹೇಳಬೇಕೆಂದರೆ ನನಗೂ ಆ ಹೊತ್ತಿನಲ್ಲಿ ಸ್ವಲ್ಪ ಹೆಮ್ಮೆಯಾಯಿತು. ಅಷ್ಟರಲ್ಲಿ ಅವನು ಅದೇ ಗಂಭೀರ ದನಿಯಲ್ಲಿ, "ಚಿತ್ರ ಏಳನ್ನು ನೋಡಿರಿ" ಎಂದ. ಗುಮಾಸ್ತ ನೋಡಲು ಪುಸ್ತಕದ ಕಡೆ ಬಗ್ಗಿದ.

"ಸಾಕು ಸಾಕು" ಎಂದ ಮುಖ್ಯಸ್ಥ. "ಕಾಪಿ ಅಲ್ಲ. ಒಪ್ಪಿಕೊಂಡೆ. ನಮ್ಮದೇ ತಪ್ಪು, ಕ್ಷಮಿಸಪ್ಪ."

ಫಸ್ಟ್‌ಕ್ಲಾಸ್ ಕಣ್ಣು ಬಿಟ್ಟು, ಚಪ್ಪಾಳೆಗೆ ಕಾಯುವವನ ಹಾಗೆ ಸುತ್ತ ನೋಡಿದ. ನಾವು ಎದ್ದು ಬರಬಹುದಿತ್ತು. ಆದರೆ ಮೇಷ್ಟ್ರಮ್ಮ ಒಂದು ಪ್ರಶ್ನೆ ಕೇಳಿದಳು. ಗದರಿಸಿ ಅಲ್ಲ, ಮಗುವನ್ನು ಕೇಳುವ ಹಾಗೆ, ಮಾತು ಮಾತು ಬಿಡಿಸಿ.

"ಚೆನ್ನಾಗಿ ಹೇಳಿದೆ. ಕೊಳೆ ನೀರು ಮರಳಿನ ಮೂಲಕ ಇಳಿದು ಸ್ವಚ್ಛ ಆಗುತ್ತೆ ಅಂದೆಯಲ್ಲ. ಹಾಗಾದ್ರೆ ಆ ಕೊಳೆ ಎಲ್ಲಿಗೆ ಹೋಗುತ್ತೆ?"

ಫಸ್ಟ್‌ಕ್ಲಾಸ್ ಕಣ್ಣು ಮುಚ್ಚಿದ. ತುಟಿ ಅಲುಗುತ್ತಿತ್ತು, ಪುಟ ಹುಡುಕುತ್ತಿದ್ದಾನೆಂದು ನನಗೆ ಗೊತ್ತಾಯಿತು. ಮತ್ತೆ ಮರಳಿನಿಂದ ಶುರುಮಾಡಿ ಜಲ್ಲಿಗೆ ಬಂದು ನಿಂತ. ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲವೋ, ಇದ್ದರೂ ಬೇರೆ ಮಾತಿನಲ್ಲಿತ್ತೋ. ಅವನಿಗೆ ಪ್ರಶ್ನೆಯೇ ತಿಳಿದಿರಲಿಕ್ಕಿಲ್ಲವೆಂದುಕೊಂಡು ನಾನು ನಮ್ಮ ಭಾಷೆಯಲ್ಲಿ ಹೇಳಿದೆ. "ಕೊಳೆ ಎಲ್ಲಿಗೆ ಹೋಗುತ್ತೆ ಅಂತ ಕೇಳ್ತಿದಾರೆ ಕಣೋ."

"ಸಿಲಬಸ್‌ನಲ್ಲಿಲ್ಲ ಅತ್ತೆ" ಎಂದು ಪಿಸುಗುಟ್ಟಿದ.

ಕೊಳೆ ಎಲ್ಲಿಗೆ ಹೋಗುತ್ತದೆಂದು ನನಗೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ನಾನು ಅದನ್ನು ಕಲಿಯುತ್ತೇನೆಂದು ಹೇಳಿ ಈ ದೇಶಕ್ಕೆ ಬಂದವಳಲ್ಲ.

ಮೂವರೂ ತಮ್ಮೊಳಗೆ ಮಾತಾಡಿಕೊಂಡರು. ಮುಖ್ಯಸ್ಥ ಕನ್ನಡಕ ಒರೆಸಿ ಹೇಳಿದ. ಹುಡುಗ ಪ್ರಾಮಾಣಿಕ, ಅದರಲ್ಲಿ ಅನುಮಾನವಿಲ್ಲ. ಆದರೆ ಮೇಲಿನ ತರಗತಿಗೆ ಹಾಕಿದ್ದು ತಪ್ಪಾಯಿತು. ಸೋಮವಾರದಿಂದ ಅವನು ಕೆಳಗಿನ ತರಗತಿಗೆ ಬರಬೇಕು, ಒಂದು ವರ್ಷ. ನೋಡಲಿ, ಕೇಳಲಿ, ಬಾಯಿ ಬಿಟ್ಟು ತಪ್ಪು ತಪ್ಪಾಗಿಯಾದರೂ ಮಾತಾಡಲಿ. ಆಮೇಲೆ ಮೇಲೆ ಬರಲಿ, ಯಾರೂ ತಡೆಯುವುದಿಲ್ಲ.

ಮೇಷ್ಟ್ರಮ್ಮ ಎದ್ದು ಬಂದು ಅವನ ಷೂಗಳನ್ನು ಬಗ್ಗಿ ನೋಡಿದಳು. "ಇವನ ಕಾಲಿನ ಅಳತೆ ಎಷ್ಟಮ್ಮಾ? ನನ್ನ ಹತ್ರ ಹೆಚ್ಚಿನ ಬೂಟಿದೆ. ಇಂಥ ಜ್ಞಾಪಕಶಕ್ತಿ ನನ್ನ ತರಗತಿಯ ಮಕ್ಕಳಲ್ಲಿ ಯಾರಿಗೂ ಇಲ್ಲ. ಒಂದು ವರ್ಷ ನನಗೆ ಕೊಡಿ ಇವನನ್ನ."

ನನ್ನ ಜೀವಮಾನದಲ್ಲಿ ಯಾವ ಓದಿದವರೂ ನಮ್ಮ ಮನೆಯ ಯಾರನ್ನೂ ಹಾಗೆ ಕೇಳಿರಲಿಲ್ಲ. ಆ ಮಾತನ್ನು ಫಸ್ಟ್‌ಕ್ಲಾಸ್‌ಗೆ ನಮ್ಮ ಭಾಷೆಯಲ್ಲಿ ತಿರುಗಿಸಿ ಹೇಳಿದೆ, ಒಂದಕ್ಷರ ಬಿಡದೆ. ಅವನ ಮುಖ ಹಿಟ್ಟಿನ ಹಾಗೆ ಬಿಳಚಿಕೊಂಡಿತು. ಕಾಲಿನ ಅಳತೆ ಹೇಳಲಿಲ್ಲ.

ಬಸ್ಸಿನಲ್ಲಿ ಅವನು ನನ್ನ ಪಕ್ಕ ಕೂರಲಿಲ್ಲ. ಮನೆಯಲ್ಲಿ ಮೈದುನ, ವಾರಗಿತ್ತಿ ಇಬ್ಬರೂ ನನ್ನ ಅಡುಗೆಮನೆಯಲ್ಲೇ ಕಾಯುತ್ತಿದ್ದರು. ದೂರದ ಡೆಲಿವರಿ ಆಶ್ಚರ್ಯವಾಗುವಷ್ಟು ಬೇಗ ಮುಗಿದಿತ್ತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕಾಪಿಯ ಅಪವಾದ ಹೋಯಿತು ಎಂದಾಗ ಮೈದುನ ತೊಡೆ ತಟ್ಟಿದ. ಕೆಳಗಿನ ತರಗತಿ ಎಂದಾಗ ತೊಡೆಯ ಮೇಲಿದ್ದ ಕೈ ಹಾಗೇ ಉಳಿಯಿತು.

"ಮೀಸೆ ಬಂದಿರೋ ಹುಡುಗ, ಆ ಚಿಲ್ಲರೆ ಮಕ್ಕಳ ಜೊತೆ ಕೂರೋದಾ?"

"ಕೂರೋದೇನಿಲ್ಲ, ಕೆಸರಲ್ಲಿ ನಿಲ್ಲೋದಂತೆ" ಎಂದೆ.

"ನನ್ನ ತಮ್ಮನಿಗೆ ಏನಂತ ಮುಖ ತೋರಿಸ್ಲಿ?" ಎಂದಳು ವಾರಗಿತ್ತಿ. "ಎರಡನೇ ವರ್ಷಕ್ಕೆ ಬರ್ತಾನೆ, ಆಮೇಲೆ ಮಾತುಕತೆ ಅಂದಿದ್ದೆ. ಈಗ ಹಿಂದಕ್ಕೆ ಹೋಗಿದಾನೆ ಅನ್ಲಾ?"

ಮೈದುನ ಲೆಕ್ಕ ಹಾಕುವವನ ಹಾಗೆ ಬೆರಳು ಮಡಚಿದ. ಆಮೇಲೆ ನಿಧಾನವಾಗಿ ಕೇಳಿದ. "ಕಾಪಿ ಹೊಡೆದಿದ್ರೆ ಏನಾಗ್ತಿತ್ತು ಅಂದ್ರಿ?"

"ಪರೀಕ್ಷೆ ರದ್ದು. ರಜೆ ಆದ್ಮೇಲೆ ಮತ್ತೆ ಬರೆಯೋದು."

"ಅದೇ ಕ್ಲಾಸಲ್ಲೇ?"

"ಅದೇ ಕ್ಲಾಸಲ್ಲೇ."

"ಮತ್ತೆ ನೀವ್ಯಾಕೆ ಅತ್ತಿಗೆ ಕಾಪಿ ಹೊಡೆದಿಲ್ಲ ಅಂತ ಸಾಕ್ಷಿ ಹೇಳೋಕೆ ಹೋದ್ರಿ!" ಎಂದು ಕೂಗಿದ. "ಕಾಪಿ ಅಂದ್ರೆ ಏನೀಗ, ಹುಡುಗರಲ್ಲವಾ, ಮಾಡ್ತಾರೆ. ನಾಲ್ಕು ಜನ ನಕ್ಕು ಮರೀತಾರೆ. ಇದು ಮರೆಯೋ ಮಾತಾ? ಫಸ್ಟ್ ಕ್ಲಾಸಲ್ಲಿ ಬಂದ ಹುಡುಗನಿಗೆ ಏನೂ ಗೊತ್ತಿಲ್ಲ ಅಂತ ಅವರೇ ಹೇಳಿದ ಹಾಗಾಯ್ತಲ್ಲ!"

ನನ್ನನ್ನು ಕಳಿಸಿದವನೇ ಅವನು. ಹೇಳಬೇಕಾದ ಮಾತನ್ನು ಬಾಯಿಗೆ ಇಟ್ಟವನೂ ಅವನೇ. ಅದನ್ನು ನೆನಪಿಸಲು ಹೋಗಲಿಲ್ಲ. ನೆನಪು ಅವರ ಮನೆತನದಲ್ಲಿ ಪುಸ್ತಕಕ್ಕೆ ಮಾತ್ರ. ಇಸ್ತ್ರಿಯ ಹಲಗೆ ಹಾಕಿ ದಿಂಬಿನ ಚೀಲ ತೆಗೆದುಕೊಂಡೆ. ಅವರಿಬ್ಬರೂ ಮೆಟ್ಟಿಲ ಮೇಲೂ ಅದೇ ಜಗಳ ಆಡುತ್ತಾ ಮೇಲೆ ಹೋದರು.

ಸೋಮವಾರ ಅವನು ಕೆಳಗಿನ ತರಗತಿಗೆ ಹೋಗಲಿಲ್ಲ, ಯಾವ ತರಗತಿಗೂ ಹೋಗಲಿಲ್ಲ. ಕಪ್ಪುಗಳನ್ನು ಮತ್ತೆ ತುಂಬಿಕೊಂಡು ಬೇರೆ ಊರಿಗೆ ಹೋದ. ಈ ಸಲ ಸೂಟ್‌ಕೇಸನ್ನು ಅವನೇ ಎತ್ತಿಕೊಂಡ, ಅಷ್ಟಾದರೂ ಇಲ್ಲಿ ಕಲಿತ. ಈಗ ದೊಡ್ಡದೊಂದು ಅಂಗಡಿಯಲ್ಲಿ ಟೈ ಕಟ್ಟಿಕೊಂಡು ನಲ್ಲಿ, ಕೊಳವೆ ಮಾರುತ್ತಾನಂತೆ. ಗಿರಾಕಿ ಏನು ಕೇಳಿದರೂ ಪೆಟ್ಟಿಗೆಯ ಮೇಲೆ ಅಚ್ಚಾದದ್ದನ್ನು ಗಟ್ಟಿಯಾಗಿ, ಬಹಳ ಚೆನ್ನಾಗಿ ಒಪ್ಪಿಸುತ್ತಾನಂತೆ. ಬಂಧುಗಳಲ್ಲೆಲ್ಲ ಅವನು ನೀರಿನ ಎಂಜಿನಿಯರು. ಕಾಲೇಜಿನವರು ಹೊಟ್ಟೆಕಿಚ್ಚಿಗೆ ಓಡಿಸಿದರು ಎಂಬ ಕಥೆಯನ್ನು ಮೈದುನ ಈಗಲೂ ಬ್ರೆಡ್ಡಿನ ಜೊತೆ ಹಂಚುತ್ತಾನೆ. ವಾರಗಿತ್ತಿಯ ತಮ್ಮನ ಮಗಳು ಅವನನ್ನೇ ಮದುವೆಯಾದಳು. ನನಗೂ ಅವನಿಗೂ ಮಾತಿಲ್ಲ.

ಮಾತು ನಿಂತದ್ದು ಆ ಸಂಜೆ. ಮೈದುನ, ವಾರಗಿತ್ತಿ ಮೇಲೆ ಹೋದ ಮೇಲೆ ಫಸ್ಟ್‌ಕ್ಲಾಸ್ ಕೋಣೆಯಿಂದ ಹೊರಬಂದ. ಮುಖ ತೊಳೆದಿದ್ದ, ತಲೆ ಬಾಚಿದ್ದ, ಟೈಯನ್ನು ಮತ್ತೆ ಕಟ್ಟಿದ್ದ. ಅತ್ತಿದ್ದನೋ ಇಲ್ಲವೋ ಹೇಳಲಾರೆ, ಕಣ್ಣು ಕೆಂಪಗಿದ್ದವು. ದಿನವೂ ನಿಲ್ಲುವ ಜಾಗದಲ್ಲೇ, ಹಲಗೆಯ ಆಚೆ, ಕೈ ಬೆನ್ನ ಹಿಂದೆ ಕಟ್ಟಿ ನಿಂತ.

"ಹೋಗು ಮಗಾ ಆ ಅಮ್ಮನ ಹತ್ರ" ಎಂದೆ ನಾನು. "ಒಂದು ವರ್ಷ ಏನು ಮಹಾ? ಬೂಟು ಕೊಡ್ತಾರಂತೆ."

ಅವನು ಬೂಟಿನ ಮಾತು ಕೇಳಿಸಿಕೊಳ್ಳಲಿಲ್ಲ. ಹೇಳಬೇಕಾದದ್ದನ್ನು ಒಳಗೇ ಒಂದೆರಡು ಸಲ ತಿದ್ದಿ ಬಾಯಿಪಾಠ ಮಾಡಿಕೊಂಡು ಬಂದಿದ್ದನೆಂದು ಕಾಣುತ್ತದೆ, ತಡವರಿಸದೆ ಹೇಳಿದ.

"ಅತ್ತೆ, ನೀವು ಹಿರಿಯರು. ನಿಮ್ಮ ಮಾತನ್ನ ಅವರು ನಂಬ್ತಾರೆ. ನಾಳೆ ಇನ್ನೊಂದ್ಸಲ ನನ್ನ ಜೊತೆ ಬಂದು, ಇವತ್ತು ಹೇಳಿದ್ದು ಸುಳ್ಳು, ಇವನು ಕಾಪಿ ಹೊಡೆದಿದ್ದೇ ನಿಜ ಅಂತ ಹೇಳ್ತೀರಾ?"